ಟೀಪಾಯಿ ಮೇಲೆ ಬಿಪಿ ಮಿಷನ್ ಇಡಬೇಡಿ

ಬಿಪಿಯ ಮೇಲಿನ ಅಂಕಿ ಮನೆಯಲ್ಲಿ 150, ಆಸ್ಪತ್ರೆಯಲ್ಲಿ 136. ಇಷ್ಟು ವ್ಯತ್ಯಾಸ ಬಂದರೆ ಎಲ್ಲರೂ ಬೈಯುವುದು ಮಿಷನ್ನನ್ನು. ಆಸ್ಪತ್ರೆಯವರಾದ ನಾವು ಮೊದಲು ಕೇಳುವುದು, ಕೈ ಎಲ್ಲಿಟ್ಟಿದ್ದಿರಿ ಎಂದು.

ಕೋಲಾರದ ಎಷ್ಟೋ ಮನೆಗಳಲ್ಲಿ ಮಿಷನ್ ಇರುವುದು ಟಿವಿ ಮುಂದಿನ ಟೀಪಾಯಿ ಮೇಲೆ. ಸೋಫಾದಲ್ಲಿ ಕೂತು, ಮುಂದಕ್ಕೆ ಬಗ್ಗಿ, ಕೈ ಕೆಳಗೆ ಚಾಚಿ ಬಟನ್ ಒತ್ತುತ್ತಾರೆ. ತೋಳಿನ ಪಟ್ಟಿ ಎದೆಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಂಕಿ 7–8 ಪಾಯಿಂಟ್ ಹೆಚ್ಚು ಬರುತ್ತದೆ. ತಾರಸಿ ತೊಟ್ಟಿಯ ನೀರು ಕೆಳಗಿನ ನಲ್ಲಿಯಲ್ಲಿ ಜೋರಾಗಿ ಬರುವುದಿಲ್ಲವೇ, ಅದೇ ಲೆಕ್ಕ. ಬೆನ್ನಿಗೆ ಒರಗು ಇಲ್ಲದಿದ್ದರೆ, ಕಾಲ ಮೇಲೆ ಕಾಲು ಹಾಕಿದ್ದರೆ ಇನ್ನಷ್ಟು ಏರುತ್ತದೆ. ಊಟದ ಮೇಜಿನ ಎತ್ತರ ಸರಿಹೋಗುತ್ತದೆ. ಮೇಜು ಇಲ್ಲವೇ? ಕುರ್ಚಿಯಲ್ಲಿ ಒರಗಿ ಕೂತು, ಪಟ್ಟಿ ಎದೆಯ ನಡುಮಟ್ಟಕ್ಕೆ ಬರುವ ಹಾಗೆ ಕೈ ಕೆಳಗೆ ದಿಂಬು ಪೇರಿಸಿ. ಕೈಯನ್ನು ನೀವೇ ಎತ್ತಿ ಹಿಡಿಯಬೇಡಿ, ಸ್ನಾಯು ಬಿಗಿದರೂ ಅಂಕಿ ಏರುತ್ತದೆ.

ಇನ್ನು ಪಟ್ಟಿಯ ಅಳತೆ. ಡಬ್ಬಿಯಲ್ಲಿ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ಭುಜ–ಮೊಣಕೈ ನಡುವೆ ಟೈಲರ್ ಟೇಪಿನಿಂದ ಅಳೆಯಿರಿ. 35 ಬಂದರೆ ಆ ಪಟ್ಟಿ ಸದಾ ಹೆಚ್ಚೇ ತೋರಿಸುತ್ತದೆ. ಅದೇ ಕಂಪನಿಯ ದೊಡ್ಡ ಪಟ್ಟಿ ಕೊಳ್ಳಬೇಕು. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ, ಗುರುತಿನ ಬಾಣ ಮೊಣಕೈ ಒಳಬದಿಯ ರಕ್ತನಾಳದ ಮೇಲೆ ಬರಲಿ. ಡಿಸೆಂಬರ್ ಚಳಿಯಲ್ಲಿ ಸ್ವೆಟರ್ ಮೇಲೇ ಸುತ್ತುವವರಿದ್ದಾರೆ. ಸ್ವೆಟರಿನ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿದರೆ ಅದೂ ಕಟ್ಟು ಬಿಗಿದಂತೆ. ಒಂದು ಕೈ ಹೊರತೆಗೆಯುವುದೇ ಒಳ್ಳೆಯದು.

ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ, ಹೊಗೆಸೊಪ್ಪು ಬೇಡ. ಮೂತ್ರಕ್ಕೆ ಹೋಗಿ ಬಂದು ಐದು ನಿಮಿಷ ಸುಮ್ಮನೆ ಕೂತಿರಿ. ಅಳೆಯುವಾಗ ಮಾತು ಬೇಡ. ಮನೆಯಲ್ಲಿ ಪಾಲಿಸುವುದು ಕಷ್ಟವಾಗುವ ನಿಯಮ ಇದೊಂದೇ. ಮೊದಲ ಸಲ ಎರಡೂ ಕೈ ನೋಡಿ, ಹೆಚ್ಚು ಬಂದ ಕೈಯನ್ನೇ ಮುಂದಕ್ಕೂ ಬಳಸಿ.

ಒಂದು ಅಂಕಿ ನೋಡಿ ಹೆದರಬೇಡಿ, ಹಿಗ್ಗಲೂಬೇಡಿ. ಬೆಳಿಗ್ಗೆ ತಿಂಡಿ–ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡುವು; ಹೀಗೆ ಏಳು ದಿನ. ನಸುಕಿನಲ್ಲೇ ಟೊಮೆಟೊ ಮಂಡಿಗೆ ಹೊರಡುವವರು ಹೊರಡುವ ಮುಂಚೆಯೇ ನೋಡಿಕೊಳ್ಳಲಿ. ಮೊದಲ ದಿನದ ನಾಲ್ಕು ಅಂಕಿ ಬಿಟ್ಟು ಉಳಿದ 24ರ ಸರಾಸರಿ ತೆಗೆಯಿರಿ. ಬಿಪಿ ಹೆಚ್ಚು ಎನ್ನಲು ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯಲ್ಲಿ 135/85. ಬಂದದ್ದನ್ನೆಲ್ಲ ಬರೆಯಿರಿ. ಚೆನ್ನಾಗಿ ಬಂದದ್ದನ್ನಷ್ಟೇ ಬರೆದ ಪುಸ್ತಕ ನಮಗೆ ಉಪಯೋಗವಿಲ್ಲ. ಮಿಷನ್ನಿನ ಮೆಮೊರಿ ನಂಬಿದರೆ ಅತ್ತೆಯದೂ ಸೊಸೆಯದೂ ಕಲಸಿಹೋಗಿರುತ್ತದೆ.

ಸರಾಸರಿ 122 ಬಂತೆಂದು ಮಾತ್ರೆ ಬಿಡಬೇಡಿ, ಮಾತ್ರೆ ಕೆಲಸ ಮಾಡುತ್ತಿರುವುದಕ್ಕೇ ಅದು ಬಂದಿದೆ. 180/120 ದಾಟಿದರೆ ಐದು ನಿಮಿಷ ಕೂತು ಮತ್ತೆ ನೋಡಿ. ಇಳಿಯದಿದ್ದರೆ ಅಂದೇ ವೈದ್ಯರನ್ನು ಕಾಣಿ, ನೀವೇ ಇನ್ನೊಂದು ಮಾತ್ರೆ ನುಂಗಬೇಡಿ. ಜೊತೆಗೆ ಎದೆನೋವು, ಉಬ್ಬಸ, ಮಾತು ತೊದಲು, ಕೈಕಾಲು ಸೋಲು, ಕಣ್ಣು ಮಂಜು ಇದ್ದರೆ ಕಾಯದೆ 108ಕ್ಕೆ ಕರೆ ಮಾಡಿ.

ಎದೆಬಡಿತ ಅಂಕುಡೊಂಕಾಗಿರುವವರಲ್ಲಿ ಈ ಮಿಷನ್ ತಪ್ಪು ತೋರಿಸಬಹುದು. ಅಂಥವರು ವೈದ್ಯರ ಬಳಿಯೂ ನೋಡಿಸಬೇಕು. ಉಳಿದವರು ವರ್ಷಕ್ಕೊಮ್ಮೆ ಮಿಷನ್ನನ್ನು ಆಸ್ಪತ್ರೆಗೇ ತನ್ನಿ, ನಮ್ಮದರ ಪಕ್ಕ ಇಟ್ಟು ಹೋಲಿಸೋಣ. ಪಟ್ಟಿ ಮನೆಯಲ್ಲೇ ಬಿಟ್ಟು ಬರಬೇಡಿ.