ಕೆಂಪುಕಲ್ಲಿನ ಬಾಯಾರಿಕೆ

ಹಿರಿಯಡ್ಕದ ಹತ್ತಿರದ ಒಂದು ಮನೆ, ಕಟ್ಟಿ ನಾಲ್ಕೇ ವರ್ಷ. ಚಾವಡಿಯ ಗೋಡೆಗೆ ಬೆರಳಿನ ಗೆಣ್ಣಿನಿಂದ ತಟ್ಟಿದೆ, ಖಾಲಿ ಡಬ್ಬಿಯ ಸದ್ದು ಬಂತು. ಸಾರಣೆ, ಅಂದರೆ ಪ್ಲಾಸ್ಟರು, ಕಲ್ಲನ್ನು ಬಿಟ್ಟು ನಿಂತಿತ್ತು. ಮನೆಯವರ ಸಿಟ್ಟೆಲ್ಲ ಸಿಮೆಂಟಿನ ಮೇಲೆ. ಒಂದು ಚೂರು ಕಿತ್ತು ಹಿಂಬದಿಯನ್ನು ಉಗುರಿನಿಂದ ಕೆರೆದೆ, ಹಿಟ್ಟಿನ ಹಾಗೆ ಉದುರಿತು. ಸಿಮೆಂಟಿಗೆ ಗಟ್ಟಿಯಾಗಲಿಕ್ಕೆ ಬೇಕಾದ ನೀರನ್ನು ಕಲ್ಲು ಕುಡಿದು ಮುಗಿಸಿತ್ತು.

ನಮ್ಮ ಉಡುಪಿ, ಮಂಗಳೂರು ಕಡೆಯಲ್ಲಿ ಗೋಡೆ ಎಂದರೆ ಇವತ್ತಿಗೂ ಹೆಚ್ಚಾಗಿ ಕೆಂಪುಕಲ್ಲೇ, ಹಳಬರ ಬಾಯಲ್ಲಿ ಮುರಕಲ್ಲು. ಸ್ಕಾಟ್ಲೆಂಡಿನ ವೈದ್ಯ, ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರಂನಲ್ಲಿ ಈ ಕಲ್ಲನ್ನು ನೋಡಿ 1807ರ ತನ್ನ ಬರಹದಲ್ಲಿ ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ‘ಲೇಟರ್’ ಎನ್ನುತ್ತಾರೆ, ಅದರಿಂದ ಬಂದ ಹೆಸರು. ಅವನು ಗಮನಿಸಿದ್ದು ನಮಗೆ ಇಂದೂ ಬೇಕಾದ ಸಂಗತಿ: ನೆಲದೊಳಗೆ ಕಬ್ಬಿಣದ ಹತ್ಯಾರಿಗೆ ಸುಲಭವಾಗಿ ಕೊಯ್ಯಲು ಬರುವ ಈ ಕಲ್ಲು, ಗಾಳಿಗೆ ಬಿದ್ದ ಮೇಲೆ ಬಲಿಯುತ್ತದೆ. ಹಾಗಾಗಿ ಕೋರೆಯಿಂದ ಎದ್ದ ಹಸಿ ಕಲ್ಲನ್ನು ಮರುದಿನವೇ ಗೋಡೆಗೆ ಏರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಕೆಲವು ವಾರವಾದರೂ ಅಂಗಳದಲ್ಲಿ ಬಿಸಿಲು, ಗಾಳಿ ಕಾಣಲಿ.

ಕೋರೆಯ ಎಲ್ಲ ಪದರವೂ ಒಂದೇ ಅಲ್ಲ. ಮೇಲಿನದು ಗಟ್ಟಿ, ಕೆಳಕ್ಕೆ ಹೋದ ಹಾಗೆ ಮೆತ್ತಗಾಗುತ್ತ ಕೊನೆಗೆ ಶೇಡಿ ಮಣ್ಣು ಸಿಗುತ್ತದೆ. ಲಾರಿಯಲ್ಲಿ ಬಂದ ಕಲ್ಲಿನಲ್ಲಿ ಅಂಗೈಯಗಲದ ಬಿಳಿ, ನಸುಗೆಂಪು ಜೇಡಿ ಕಂಡರೆ ಅದು ತಳದ ಕಲ್ಲು. ಒಣಗಿದ್ದಾಗ ಗಟ್ಟಿಯೆನಿಸುವ ಶೇಡಿ ನೀರು ತಾಗಿದೊಡನೆ ಬಲ ಕಳೆದುಕೊಳ್ಳುತ್ತದೆ. ಅಂಥ ಕಲ್ಲನ್ನು ಬದಿಗಿಡಿಸಿ, ಪಂಚಾಂಗದ, ಅಂದರೆ ಅಡಿಪಾಯದ, ಹತ್ತಿರವಂತೂ ಸುಳಿಯಬಾರದು. ಎರಡು ಕಲ್ಲನ್ನು ಒಂದಕ್ಕೊಂದು ಬಡಿದು ನೋಡಿ. ಒಳ್ಳೆಯದು ಠಣ್ ಎನ್ನುತ್ತದೆ, ಮೆತ್ತನೆಯದು ಬೊದ್ದು ಸದ್ದು ಮಾಡುತ್ತದೆ.

ಇನ್ನು ಬಾಯಾರಿಕೆ. ಭಾರತೀಯ ಮಾನಕದ ಪ್ರಕಾರ ಗೋಡೆಯ ಕೆಂಪುಕಲ್ಲು ತನ್ನ ತೂಕದ 12% ಮೀರಿ ನೀರು ಹೀರಬಾರದು. ಆ ಮಿತಿಯೊಳಗಿನ ಒಳ್ಳೆಯ ಕಲ್ಲೇ ಎಂದಿಟ್ಟುಕೊಂಡರೂ, 30 ಕೆ.ಜಿ.ಯ ಒಂದು ಕಲ್ಲು ಮೂರೂವರೆ ಲೀಟರ್ ತನಕ ಕುಡಿಯಬಲ್ಲದು! ಅದರ ಅಡಿಗೆ ಹಾಸುವ ಗಾರೆಯಲ್ಲಿ ಅಷ್ಟು ನೀರೇ ಇರುವುದಿಲ್ಲ. ಏಪ್ರಿಲ್ ಬಿಸಿಲಿಗೆ ಕಾದ ಕಲ್ಲನ್ನು ಹಾಗೇ ಎತ್ತಿಟ್ಟರೆ ಗಾರೆ ಗಟ್ಟಿಯಾಗುವ ಮೊದಲೇ ಒಣಪುಡಿಯಾಗುತ್ತದೆ. ಆಮೇಲೆ ಎಷ್ಟು ನೀರು ಹೊಡೆದರೂ ಆ ಬೆಸುಗೆ ಪೂರ್ತಿ ತಿರುಗಿ ಬರುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಮೇಸ್ತ್ರಿ ಹೇಳಿದ್ದರು: “ಕಲ್ಲಿಗೆ ನೀರು ಕೊಡ್ಲಿಕ್ಕೆ ಪುರುಸೊತ್ತಿಲ್ಲ ಸರ್, ಸಂಜೆಯೊಳಗೆ ಇನ್ನೆರಡು ವರಿ ಏಳ್ಬೇಕು.” ವರಿ ಎಂದರೆ ಗೋಡೆಯ ಒಂದು ಸಾಲು ಕಲ್ಲು. ನಾನು ಸುಮ್ಮನಾದೆ. ಆ ಗೋಡೆಯ ಸಾರಣೆಯನ್ನು ಮೂರನೆಯ ವರ್ಷ ಕೀಳಿಸಿದವನೂ ನಾನೇ. ಅಲ್ಲಿಂದೀಚೆಗೆ ಈ ವಿಷಯದಲ್ಲಿ ಸುಮ್ಮನಾಗಿಲ್ಲ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಹಿಂದಿನ ಸಂಜೆ ಕಲ್ಲಿನ ರಾಶಿಗೆ ಪೈಪಿನಲ್ಲಿ ಚೆನ್ನಾಗಿ ನೀರು ಬಿಡಿ, ಇಡುವ ಮುಂಚೆ ಮತ್ತೊಮ್ಮೆ ಚಿಮುಕಿಸಿ. ಮೈ ತಂಪಾಗಿರಬೇಕು, ನೀರು ತೊಟ್ಟಿಕ್ಕುತ್ತಿರಬಾರದು. ತೊಟ್ಟಿಕ್ಕುವ ಕಲ್ಲು ಗಾರೆಯ ಮೇಲೆ ಜಾರಿ ತೂಗುಗುಂಡಿನ ನೇರ ತಪ್ಪುತ್ತದೆ. ಸಾರಣೆಗೂ ಇದೇ ಕ್ರಮ.

ಗಾರೆಯನ್ನು ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಊಟಕ್ಕೆ ಹೋಗಿ ಬಂದು, ಬಿಗಿದ ಗಾರೆಗೆ ನೀರು ಸುರಿದು ಮೆದು ಮಾಡಿದರೆ ನೋಡಲಿಕ್ಕೆ ಹೊಸದರಂತೆಯೇ ಇರುತ್ತದೆ, ಕಸು ಮಾತ್ರ ಇರುವುದಿಲ್ಲ.

ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಎರಡು ಎಚ್ಚರ. ಅಳಿವೆಯ ಹತ್ತಿರದ ಹೊಯ್ಗೆಯಲ್ಲಿ ಉಪ್ಪಿರುತ್ತದೆ. ಅದು ಗೋಡೆಯಲ್ಲಿ ಬಿಳಿ ಪುಡಿಯಾಗಿ ಏಳುತ್ತದೆ, ಸ್ಲ್ಯಾಬಿನೊಳಗೆ ಕಬ್ಬಿಣವನ್ನು ತಿನ್ನುತ್ತದೆ. ಒಂದು ಹಿಡಿ ಹೊಯ್ಗೆಯನ್ನು ಸಿಹಿನೀರಿನಲ್ಲಿ ಕದಡಿ ನಾಲಿಗೆಗೆ ಮುಟ್ಟಿಸಿ, ಉಪ್ಪೆನಿಸಿದರೆ ಲಾರಿಯನ್ನು ವಾಪಸು ಕಳಿಸಿ. ಎರಡನೆಯದು ಅಳತೆ. ಸ್ವಲ್ಪ ತೇವವಿರುವ ಹೊಯ್ಗೆ ಉಬ್ಬಿಕೊಂಡಿರುತ್ತದೆ, ಕಾಲು ಭಾಗದಷ್ಟು ಉಬ್ಬಿದರೂ ಆಶ್ಚರ್ಯವಿಲ್ಲ. ಆಗ ಒಂದು ಬುಟ್ಟಿ ಸಿಮೆಂಟಿಗೆ ಆರು ಬುಟ್ಟಿ ಹೊಯ್ಗೆ ಎಂದು ಸುರಿದರೂ ನಿಜವಾಗಿ ಬೀಳುವುದು ಐದಕ್ಕಿಂತ ಕಡಿಮೆ. ಸಿಮೆಂಟ್ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಮನೆಯವರು ಕೇಳುತ್ತಾರೆ. ಸಾರಣೆಯಲ್ಲಿ ಒಳ್ಳೆಯದಲ್ಲ, ಒಣಗುವಾಗ ಕುಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ.

ಕ್ಯೂರಿಂಗ್ ನೀರಿಗೂ, ಅಂದರೆ ಸಿಮೆಂಟ್ ಬಲಿಯುವ ತನಕ ತೇವ ಉಳಿಸಲು ಹಾಕುವ ನೀರಿಗೂ, ಇದೇ ಮಾತು. ಕಡಲ ಬದಿಯ ಬಾವಿಗಳು ಮೇ ತಿಂಗಳಲ್ಲಿ ಉಪ್ಪಾಗುತ್ತವೆ. ಆ ನೀರು ಬೇಡ, ಟ್ಯಾಂಕರ್ ತರಿಸಿ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿನ ಕಾಂಕ್ರೀಟಿಗೆ ಹತ್ತು ದಿನವಾದರೂ ತೇವ ಆರಬಾರದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪು ಹಿಡಿದರೆ ಮಧ್ಯಾಹ್ನಕ್ಕೆ ಒಣಗಿರುತ್ತದೆ. ಕಂಬಕ್ಕೆ ಒದ್ದೆ ಗೋಣಿ ಸುತ್ತಿ, ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ.

ನೀರು ಕುಡಿಯುವ ಕಲ್ಲಿಗೆ ಅದನ್ನು ಬಿಟ್ಟುಕೊಡುವ ದಾರಿಯೂ ಬೇಕು. ನಮ್ಮ ಹಿರಿಯರ ಮನೆಗಳಲ್ಲಿ ಮರುವಾಯಿ (ಕಪ್ಪೆಚಿಪ್ಪಿನ ಜೀವಿ) ಚಿಪ್ಪು ಸುಟ್ಟ ಸುಣ್ಣದ ಸಾರಣೆ ಉಸಿರಾಡುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬಂದ ಹೆಂಚಿನ ಮಾಡುಗಳಿಗೂ ಉದ್ದ ಇಳಿಜಾರು ಇತ್ತು, ಮಳೆ ಗೋಡೆಗೆ ಬಡಿಯುತ್ತಿರಲಿಲ್ಲ. ಈಗ ಸನ್‌ಶೇಡ್ ಗಿಡ್ಡ, ಹೊರಗೆ ಸಿಮೆಂಟ್ ಸಾರಣೆ, ಅದರ ಮೇಲೆ ಪ್ಲಾಸ್ಟಿಕ್ಕಿನಂಥ ಪೇಂಟು. ನೆಲದ ತೇವ ಒಳಗೇ ಸಿಕ್ಕಿಕೊಂಡು ಒಳಗೋಡೆಯ ಬುಡದಲ್ಲಿ ಪೇಂಟನ್ನು ಗುಳ್ಳೆ ಎಬ್ಬಿಸುತ್ತದೆ. ಮರಳಿ ಪೇಂಟು ಬಳಿದು ಪ್ರಯೋಜನವಿಲ್ಲ. ಕಪ್ಪು ಕಲ್ಲಿನ ಪಂಚಾಂಗ ಮುಗಿದು ಕೆಂಪುಕಲ್ಲು ಶುರುವಾಗುವಲ್ಲಿ ಸುತ್ತಲೂ ಕಾಂಕ್ರೀಟ್ ಬೆಲ್ಟ್ ಎಳೆದು ನೀರು ತಡೆಯುವ ಪದರ ಹಾಕಿಸಬೇಕು. ಅದಕ್ಕೆ ಇರುವುದು ಅದೊಂದೇ ಅವಕಾಶ, ಗೋಡೆ ಎದ್ದ ಮೇಲೆ ಬಹಳ ದುಬಾರಿ.

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ ಮಳೆಗಾಲದ ಮುಂಚೆ, ಕೆಲಸ ಅರ್ಧದಲ್ಲಿ ನಿಲ್ಲುವಂತಿದ್ದರೆ, ಗೋಡೆಯ ತಲೆಗೆ ಹೊರಕ್ಕೆ ಇಳಿಜಾರಾಗಿ ತೆಳುವಾಗಿ ಗಾರೆ ಹೊದೆಸಿ ಶೀಟು ಕಟ್ಟಿಸಿ. ದೀಪಾವಳಿ ಕಳೆದು ಮತ್ತೆ ಶುರು ಮಾಡುವಾಗ ಆ ಗಾರೆಯನ್ನು ಎಬ್ಬಿಸಿ, ಪಾಚಿಯನ್ನು ತಂತಿ ಬ್ರಶ್ಶಿನಿಂದ ಉಜ್ಜಿ ತೊಳೆದು, ಅದರ ಮೇಲೆಯೇ ಮುಂದಿನ ವರಿ ಇಡಿಸಿ.