20,000 ಗುಲ್ಡನ್ ಲೆಕ್ಕ: ಮೈನ್ಜ್‌ನ ಆರ್ಚ್‌ಬಿಷಪ್ ಡೀಥರ್ ಕಥೆ

ಗುಟೆನ್‌ಬರ್ಗ್ ಹೆಸರು ಕೇಳದವರು ಕಡಿಮೆ. ಜರ್ಮನಿಯ ರೈನ್ ನದಿ ದಡದ ಮೈನ್ಜ್ ಅವನ ಊರು. ಅಲ್ಲೇ ಅಚ್ಚುಮೊಳೆ ಜೋಡಿಸಿ ಬೈಬಲ್ ಮುದ್ರಿಸಿದ ಅಂತ ಶಾಲೆಯಲ್ಲಿ ಓದಿದ್ದೇವೆ. ಅದಾಗಿ ಹತ್ತು ವರ್ಷ ತುಂಬುವ ಮೊದಲೇ ಆ ಊರು ಒಂದೇ ರಾತ್ರಿಯಲ್ಲಿ ಸೂರೆಹೋಯಿತು. ಆರ್ಚ್‌ಬಿಷಪ್ ಒಬ್ಬ ರೋಮ್‌ಗೆ ಕಟ್ಟಬೇಕಾದ ಹಣ ಕಟ್ಟಲಿಲ್ಲ ಅನ್ನುವಲ್ಲಿಂದ ಶುರುವಾದ ಜಗಳ ಅದು.

ಅವನ ಹೆಸರು ಡೀಥರ್ ಫಾನ್ ಈಸೆನ್‌ಬುರ್ಗ್. ಹುಟ್ಟಿದ್ದು ಸುಮಾರು 1412ರಲ್ಲಿ, ಜಮೀನ್ದಾರಿ ಮನೆತನದಲ್ಲಿ. ಓದಿದ್ದು ಎರ್ಫುರ್ಟ್‌ನಲ್ಲಿ. 1459ರ ಜೂನ್‌ನಲ್ಲಿ ಮೈನ್ಜ್‌ನ ಪಾದ್ರಿಗಳ ಮಂಡಳಿ ಅವನನ್ನು ಆರ್ಚ್‌ಬಿಷಪ್ ಆಗಿ ಆರಿಸಿತು. ಎದುರಾಳಿ ಅಡಾಲ್ಫ್ ಫಾನ್ ನಸ್ಸಾವ್ ಸೋತಿದ್ದು ಕೂದಲೆಳೆಯ ಅಂತರದಲ್ಲಿ.

ಆಗಿನ ಕಾಲದ ಮೈನ್ಜ್ ಆರ್ಚ್‌ಬಿಷಪ್ ಬರೀ ಧರ್ಮಗುರು ಅಲ್ಲ. ಕೋಟೆ, ಹಳ್ಳಿ, ಸುಂಕದ ಕಟ್ಟೆ, ಸೈನ್ಯ ಎಲ್ಲ ಇದ್ದ ಅರಸ. ಜರ್ಮನ್ ರಾಜನನ್ನು ಆರಿಸುವ ಏಳು ಜನರಲ್ಲಿ ಅವನೂ ಒಬ್ಬ. ಮೈನ್ಜ್ ಊರು ಮಾತ್ರ 1244ರಿಂದ ತನ್ನ ಆಡಳಿತ ತಾನೇ ನೋಡಿಕೊಳ್ಳುತ್ತಿತ್ತು. ಈ ಮಾತು ನೆನಪಿರಲಿ.

ಇಲ್ಲಿ ಆರಿಸಿದರೆ ಸಾಲದು, ಪೋಪ್ ಒಪ್ಪಬೇಕು. ಒಪ್ಪಿಗೆ ಸುಮ್ನೆ ಸಿಗುವುದಿಲ್ಲ, ಹೊಸ ಬಿಷಪ್ ಪೀಠದ ಆದಾಯದ ಒಂದು ಪಾಲನ್ನು ರೋಮ್‌ಗೆ ಕಟ್ಟಬೇಕು. ಮೈನ್ಜ್‌ಗೆ ವಾಡಿಕೆಯ ಮೊತ್ತ 10,000 ಗುಲ್ಡನ್, ಅಂದರೆ ಆಗಿನ ಚಿನ್ನದ ನಾಣ್ಯ. ಡೀಥರ್ ಮುಂದೆ ಬಂದ ಲೆಕ್ಕ ಅದರ ಎರಡರಷ್ಟು. ಕೊನೆಗೆ ಈ ಹಣ ಹುಟ್ಟುತ್ತಿದ್ದದ್ದು ರೈತನ ಕಣದಲ್ಲಿ, ವ್ಯಾಪಾರಿಯ ಸುಂಕದಲ್ಲಿ. ಜರ್ಮನ್ನರ ಸಿಟ್ಟು ಹೊಸದೇನೂ ಅಲ್ಲ. 1457ರಲ್ಲೇ ಹಿಂದಿನ ಆರ್ಚ್‌ಬಿಷಪ್‌ನ ಚಾನ್ಸೆಲರ್ ಮಾರ್ಟಿನ್ ಮೇಯರ್, ರೋಮ್ ನಮ್ಮನ್ನು ಹಿಂಡುತ್ತಿದೆ ಅಂತ ಕಾರ್ಡಿನಲ್ ಒಬ್ಬನಿಗೆ ಪತ್ರ ಬರೆದಿದ್ದ. ಆ ಕಾರ್ಡಿನಲ್ ಎನೆಯಾ ಸಿಲ್ವಿಯೋ ಪಿಕ್ಕೊಲೊಮಿನಿ. ಮರುವರ್ಷ ಅವನೇ ಎರಡನೇ ಪಯಸ್ ಎಂಬ ಹೆಸರಿನಲ್ಲಿ ಪೋಪ್ ಆದ!

ತುರ್ಕರ ಮೇಲೆ ಯುದ್ಧ ಸಾರಬೇಕು ಅನ್ನುವುದು ಪಯಸ್‌ನ ಕನಸು. ಅದಕ್ಕಾಗಿ ಇಟಲಿಯ ಮಾಂಟುವಾದಲ್ಲಿ ದೊಡ್ಡ ಸಭೆ ಕರೆದಿದ್ದ. ಡೀಥರ್ ತಾನು ಹೋಗದೆ ದೂತರನ್ನು ಕಳಿಸಿದ. ಅವರು ರೋಮ್‌ನ ಸಾಹುಕಾರರಿಂದ ಸಾಲ ಎತ್ತಿ ಒಪ್ಪಿಗೆ ತಂದರು. ಸಾಲದ ಮೊತ್ತ ನೋಡಿ ಡೀಥರ್ ಕಟ್ಟುವುದಿಲ್ಲ ಅಂದ. ಗಡುವು ಮೀರಿತು, ಅವನ ಮೇಲೆ ಬಹಿಷ್ಕಾರ ಬಿತ್ತು.

ಅಷ್ಟರಲ್ಲಿ ಪಕ್ಕದ ಪಾಲಟಿನೇಟ್‌ನ ಅರಸ ಫ್ರೆಡರಿಕ್ ಜೊತೆ ಯುದ್ಧ. 1460ರ ಜುಲೈ 4ರಂದು ಫೆಡರ್ಸ್‌ಹೈಮ್‌ನಲ್ಲಿ ಡೀಥರ್ ಸೋತ. ಸೋತ ಮೇಲೆ ಅದೇ ಫ್ರೆಡರಿಕ್‌ನ ಗೆಳೆತನ ಮಾಡಿಕೊಂಡ. 1461ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅರಸರನ್ನು ಸೇರಿಸಿ, ಪೋಪ್ ಮಾಡಿದ್ದು ಸರಿಯೋ ತಪ್ಪೋ ಇಡೀ ಚರ್ಚ್‌ನ ಮಹಾಸಭೆ ತೀರ್ಮಾನಿಸಲಿ ಅಂತ ಮೇಲ್ಮನವಿ ಹಾಕಿದ. ಅವನ ಬೆನ್ನಿಗೆ ನಿಂತವನು ಗ್ರೆಗೋರ್ ಹೈಂಬುರ್ಗ್ ಎಂಬ ಖ್ಯಾತ ಕಾನೂನು ಪಂಡಿತ. ಪಯಸ್‌ಗೆ ಇದು ಸಹಿಸಲಾಗದ ಮಾತು. ಹರೆಯದಲ್ಲಿ ಬಾಸೆಲ್ ಊರಿನ ಚರ್ಚ್ ಮಹಾಸಭೆಯಲ್ಲಿ ಕೆಲಸ ಮಾಡಿ, ಪೋಪ್‌ಗಿಂತ ಸಭೆಯೇ ದೊಡ್ಡದು ಅಂತ ವಾದಿಸಿದವನು ಅವನೇ. ಪೋಪ್ ಆದ ಮೇಲೆ ಅಂಥ ಮೇಲ್ಮನವಿಯೇ ಅಪರಾಧ ಅಂತ 1460ರ ಜನವರಿಯಲ್ಲಿ ಆಜ್ಞೆ ಹೊರಡಿಸಿದ್ದ.

1461ರ ಆಗಸ್ಟ್ 21ರಂದು ಪಯಸ್ ಡೀಥರ್‌ನನ್ನು ಪೀಠದಿಂದ ಇಳಿಸಿ ಅಡಾಲ್ಫ್‌ನನ್ನು ನೇಮಿಸಿದ. ಒಂದು ಪೀಠಕ್ಕೆ ಇಬ್ಬರು. ಜನರನ್ನು ಒಲಿಸಿಕೊಳ್ಳಲು ಇಬ್ಬರೂ ಹಿಡಿದ ಸಾಧನ ಹೊಚ್ಚಹೊಸದು, ಮುದ್ರಿತ ಹಾಳೆ. ಗುಟೆನ್‌ಬರ್ಗ್‌ನ ಹಳೇ ಪಾಲುದಾರ ಫುಸ್ಟ್ ಮತ್ತು ಶೋಫರ್ ಇಬ್ಬರ ಅಚ್ಚುಕೂಟದಲ್ಲೇ ಪೋಪ್‌ನ ಆಜ್ಞೆಗಳೂ ಅಚ್ಚಾದವು, ಡೀಥರ್‌ನ ಉದ್ದುದ್ದ ಅಹವಾಲೂ ಅಚ್ಚಾಯಿತು. ಅಚ್ಚುಯಂತ್ರ ರಾಜಕೀಯ ಜಗಳಕ್ಕೆ ಇಳಿದ ಮೊದಮೊದಲ ಸಂದರ್ಭ ಇದು.

ಫ್ರೆಡರಿಕ್‌ನ ಸಹಾಯ ಪುಕ್ಕಟೆ ಅಲ್ಲ. ಡೀಥರ್ ಬೆರ್ಗ್‌ಸ್ಟ್ರಾಸೆ ಸೀಮೆಯನ್ನು ಅವನಿಗೆ ಅಡವಿಟ್ಟ. ಅದು ಮೈನ್ಜ್ ಕೈಗೆ ಮರಳಿದ್ದು 1623ರಲ್ಲಿ. 1462ರ ಜೂನ್ 30ರಂದು ಸೆಕೆನ್‌ಹೈಮ್ ಹತ್ತಿರ ಫ್ರೆಡರಿಕ್ ಅಡಾಲ್ಫ್ ಕಡೆಯ ಮೂವರು ದೊಡ್ಡವರನ್ನೇ ಸೆರೆಹಿಡಿದ: ಬಾಡೆನ್‌ನ ಕಾರ್ಲ್, ಮೆಟ್ಜ್‌ನ ಬಿಷಪ್ ಗೇಯೋರ್ಗ್, ವುರ್ಟೆಂಬರ್ಗ್‌ನ ಉಲ್ರಿಚ್. ಡೀಥರ್ ಗೆದ್ದೇಬಿಟ್ಟ ಅಂತ ಎಲ್ಲರಿಗೂ ಅನಿಸಿರಬೇಕು.

ಮೈನ್ಜ್ ಊರಿನವರು ಡೀಥರ್ ಪರ ನಿಂತಿದ್ದರು. ಅಕ್ಟೋಬರ್ 27ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅಡಾಲ್ಫ್‌ನ ಪಡೆ ಗೋಡೆ ಏರಿ ಒಳಗೆ ಬಂದಿತ್ತು. ಗಂಟೆಗಟ್ಟಲೆ ಬೀದಿ ಬೀದಿಯಲ್ಲಿ ಕಾಳಗ. ಸುಮಾರು 400 ಜನ ಸತ್ತರು. ಊರಿನಲ್ಲೇ ಇದ್ದ ಡೀಥರ್ ಗೋಡೆಯಿಂದ ಹಗ್ಗ ಹಿಡಿದು ಇಳಿದು ತಪ್ಪಿಸಿಕೊಂಡ. ಊರಿನವರು ಎಲ್ಲಿಗೆ ಹೋಗಬೇಕು? ಅಕ್ಟೋಬರ್ 30ರಂದು ಅವರನ್ನು ಡೀಟ್‌ಮಾರ್ಕ್ಟ್ ಚೌಕಕ್ಕೆ ಬರಹೇಳಿದರು. ಇವತ್ತಿನ ಶಿಲ್ಲರ್ ಚೌಕ ಅದು. ಬಂದ ಸುಮಾರು 800 ಗಂಡಸರನ್ನು ಊರಾಚೆ ಅಟ್ಟಿದರು. ಮನೆ, ಅಂಗಡಿ, ಸಾಮಾನು ಎಲ್ಲ ಗೆದ್ದವರ ಪಾಲು. 1244ರ ಸ್ವಾತಂತ್ರ್ಯವೂ ಅಲ್ಲಿಗೆ ಮುಗಿಯಿತು. ಇಬ್ಬರು ಆರ್ಚ್‌ಬಿಷಪ್‌ಗಳಲ್ಲಿ ಯಾರೂ ಇಷ್ಟು ತೆತ್ತಿಲ್ಲ. ಅದನ್ನು ಓದುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಹೊರಹೋದವರಲ್ಲಿ ಗುಟೆನ್‌ಬರ್ಗ್‌ನೂ ಇದ್ದ ಅಂತ ಇತಿಹಾಸಕಾರರು ಹೇಳುತ್ತಾರೆ. ಅಚ್ಚು ಕೆಲಸಗಾರರು ಚದುರಿದ್ದರಿಂದ ಅವರ ವಿದ್ಯೆ ಬೇರೆ ಊರುಗಳಿಗೆ ಬೇಗ ಹರಡಿತು. ಬಾಂಬೆರ್ಗ್, ಸ್ಟ್ರಾಸ್‌ಬುರ್ಗ್‌ಗೆ ಅದು ಮೊದಲೇ ತಲುಪಿತ್ತು ಅನ್ನುವುದನ್ನೂ ಮರೆಯಬಾರದು. 1465ರ ಜನವರಿಯಲ್ಲಿ ಮುದಿ ಗುಟೆನ್‌ಬರ್ಗ್‌ಗೆ ಅಡಾಲ್ಫ್ ಮಾಸಾಶನದಂಥ ಏರ್ಪಾಡು ಮಾಡಿದ: ವರ್ಷಕ್ಕೊಂದು ಆಸ್ಥಾನದ ಉಡುಪು, 20 ಮಾಲ್ಟರ್ ಧಾನ್ಯ, 2 ಫೂಡರ್ ವೈನ್ (ಎರಡೂ ಆಗಿನ ಅಳತೆಗಳು). ಮನೆಗೆ ಬಳಸಬೇಕು, ಮಾರಬಾರದು ಅಂತ ಷರತ್ತು.

1463ರ ಅಕ್ಟೋಬರ್‌ನಲ್ಲಿ ಜೈಲ್ಸ್‌ಹೈಮ್‌ನಲ್ಲಿ ರಾಜಿಯಾಯಿತು. ಡೀಥರ್ ಪೀಠ ಬಿಟ್ಟುಕೊಟ್ಟ, ಬದಲಿಗೆ ಹೋಕ್ಸ್ಟ್, ಸ್ಟೈನ್‌ಹೈಮ್, ಡೀಬುರ್ಗ್ ಸಿಕ್ಕವು. ಹನ್ನೆರಡು ವರ್ಷ ಕಾದ. 1475ರಲ್ಲಿ ಅಡಾಲ್ಫ್ ಸತ್ತಾಗ ಮಂಡಳಿ ಮತ್ತೆ ಡೀಥರ್‌ನನ್ನೇ ಆರಿಸಿತು. ಈ ಸಲ ರೋಮ್ ಒಪ್ಪಿತು. 1477ರಲ್ಲಿ ಮೈನ್ಜ್ ವಿಶ್ವವಿದ್ಯಾಲಯ ಶುರು ಮಾಡಿದ. ಊರಿನ ಸ್ವಾತಂತ್ರ್ಯ ಮಾತ್ರ ವಾಪಸ್ ಕೊಡಲಿಲ್ಲ. ರೈನ್ ದಡದಲ್ಲಿ ಮಾರ್ಟಿನ್ಸ್‌ಬುರ್ಗ್ ಕೋಟೆ ಕಟ್ಟಿಸಿದ. ತನಗಾಗಿ ಸತ್ತ ಊರಿನ ಮೇಲೆ ಕಣ್ಣಿಡಲು ಕೋಟೆ! ಇದನ್ನು ನಾನು ಕ್ಷಮಿಸಲಾರೆ.

1479ರಲ್ಲಿ ಯೋಹಾನ್ ಫಾನ್ ವೇಸೆಲ್ ಎಂಬ ವಯಸ್ಸಾದ ಪಂಡಿತನ ವಿಚಾರಣೆಯೂ ಮೈನ್ಜ್‌ನಲ್ಲೇ ನಡೆಯಿತು. ಪಾಪದ ಶಿಕ್ಷೆ ಮನ್ನಾ ಅಂತ ಚರ್ಚ್ ದುಡ್ಡಿಗೆ ಕೊಡುತ್ತಿದ್ದ ಕ್ಷಮಾಪಣಾ ಪತ್ರಗಳನ್ನು ಅವನು ಟೀಕಿಸಿದ್ದ. ಎಲ್ಲರೆದುರು ತಪ್ಪೊಪ್ಪಿಗೆ ಹೇಳಿಸಿ, ಪುಸ್ತಕ ಸುಟ್ಟು, ಮಠದಲ್ಲಿ ಕೂಡಿಹಾಕಿದರು. ಅಲ್ಲೇ ಸತ್ತ. ಒಂದು ಕಾಲಕ್ಕೆ ರೋಮ್‌ನ ಹಣದಾಸೆಗೆ ಎದುರು ನಿಂತ ಡೀಥರ್ ಆಗ ಅದೇ ಪೀಠದಲ್ಲಿ ಕೂತಿದ್ದ. 1482ರ ಮೇ ತಿಂಗಳಲ್ಲಿ ಅಶಾಫೆನ್‌ಬುರ್ಗ್‌ನಲ್ಲಿ ಅವನೂ ತೀರಿಕೊಂಡ.

ರೋಮ್‌ನ ಲೆಕ್ಕ ಮಾತ್ರ ತೀರಲಿಲ್ಲ. 1504, 1508, 1514, ಹತ್ತೇ ವರ್ಷದಲ್ಲಿ ಮೂವರು ಆರ್ಚ್‌ಬಿಷಪ್‌ಗಳು ಸತ್ತರು. ಪ್ರತಿ ಸಲವೂ ಹೊಸಬನಿಗಾಗಿ ಹಣ. 1514ರಲ್ಲಿ ಬಂದ ಬ್ರಾಂಡೆನ್‌ಬುರ್ಗ್‌ನ ಆಲ್ಬ್ರೆಕ್ಟ್ ಆ ಖರ್ಚು ತನ್ನದೇ ಅಂತ ಮಾತು ಕೊಟ್ಟು, ಫುಗ್ಗರ್ ಸಾಹುಕಾರರಿಂದ ಸಾಲ ತಂದ. ಸಾಲ ತೀರಿಸಲು ತನ್ನ ಸೀಮೆಯಲ್ಲಿ ಕ್ಷಮಾಪಣಾ ಪತ್ರ ಮಾರಿಸಿದ. ಬಂದದ್ದರಲ್ಲಿ ಅರ್ಧ ಫುಗ್ಗರ್‌ಗಳಿಗೆ, ಅರ್ಧ ರೋಮ್‌ಗೆ. 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಆ ಪತ್ರಗಳ ಮಾರಾಟದ ವಿರುದ್ಧ ತನ್ನ 95 ವಾದಗಳ ಜೊತೆ ಪತ್ರ ಬರೆದದ್ದು ಇದೇ ಮೈನ್ಜ್ ಆರ್ಚ್‌ಬಿಷಪ್‌ಗೆ.