ಒಳಗೆ ಬರಲು ತೆರುವ ಬೆಲೆ

ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಎಂಎಸ್-13 ಎಂಬ ಗ್ಯಾಂಗು ಹೊಸಬನನ್ನು ಸೇರಿಸಿಕೊಳ್ಳುವ ಕ್ರಮ ಹೀಗಿದೆ: ಹಳಬರು ಅವನನ್ನು ನಡುವೆ ನಿಲ್ಲಿಸಿಕೊಂಡು ಒಟ್ಟಾಗಿ ಹೊಡೆಯುತ್ತಾರೆ, ಒಬ್ಬ ಒಂದರಿಂದ 13ರವರೆಗೆ ಎಣಿಸುತ್ತಾನೆ. ಎಣಿಕೆ ಮುಗಿದೊಡನೆ ಅವನು ಅವರಲ್ಲೊಬ್ಬ. ಅದೇ ದೇಶದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಫ್ರಟರ್ನಿಟಿಗಳೆಂಬ ಹುಡುಗರ ಸಂಘಗಳಿವೆ. ಅವಕ್ಕೆ ಸೇರಬಯಸುವ ವಿದ್ಯಾರ್ಥಿ ‘ಪ್ಲೆಡ್ಜ್’ ಎನಿಸಿಕೊಂಡು ಕೆಲವು ವಾರ ಹಿರಿಯರ ಚಾಕರಿ ಮಾಡುತ್ತಾನೆ, ಸಂಘದ ಇತಿಹಾಸವನ್ನು ಬಾಯಿಪಾಠ ಮಾಡುತ್ತಾನೆ, ನಿಷೇಧವಿದ್ದರೂ ಎಷ್ಟೋ ಕಡೆ ಅವಮಾನವನ್ನೂ ಏಟನ್ನೂ ಮಿತಿಮೀರಿದ ಕುಡಿತವನ್ನೂ ಸಹಿಸುತ್ತಾನೆ, ಕೊನೆಗೆ ಮುಚ್ಚಿದ ಬಾಗಿಲ ಹಿಂದೆ ಪ್ರತಿಜ್ಞೆ ಮಾಡಿ ‘ಬ್ರದರ್’ ಆಗುತ್ತಾನೆ. ಎರಡೂ ಕಡೆ ಬಣ್ಣಗಳಿವೆ, ಕೈಸನ್ನೆಗಳಿವೆ, ಅಡ್ಡಹೆಸರುಗಳಿವೆ, ಹೊಸಬನನ್ನು ತಿದ್ದುವ ‘ಅಣ್ಣ’ಂದಿರಿದ್ದಾರೆ. 1911ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಒಮೆಗಾ ಸೈ ಫೈ ಸಂಘದ ಕೆಲವರು ಕಾಯಿಸಿದ ಲೋಹದಿಂದ ತೋಳಿನ ಮೇಲೆ ಒಮೆಗಾ ಅಕ್ಷರದ ಬರೆಯನ್ನೇ ಹಾಕಿಸಿಕೊಳ್ಳುತ್ತಾರೆ. ಉಡುಪಿಯಲ್ಲಿ ತಪ್ತಮುದ್ರೆ ಹಾಕಿಸಿಕೊಂಡವರಿಗೆ, ಉದ್ದೇಶ ಬೇರೆಯಾದರೂ, ಮೈಮೇಲೆ ಗುರುತು ಹೊರುವ ಈ ಕ್ರಮ ತೀರ ಅಪರಿಚಿತವೆನಿಸಲಾರದು.

ಮೂಲವನ್ನು ಹುಡುಕಿ ಹೊರಟರೆ ಇವೆರಡಕ್ಕೂ ಯಾವ ನಂಟೂ ಇಲ್ಲ. ಗ್ರೀಕ್ ಅಕ್ಷರಗಳ ಮೊದಲ ಸಂಘವಾದ ಫೈ ಬೀಟಾ ಕಪ್ಪಾ 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ, ಗುಟ್ಟಿನ ಹಸ್ತಲಾಘವದೊಂದಿಗೆ ಹುಟ್ಟಿತು. ಎಂಎಸ್-13 ರೂಪುಗೊಂಡದ್ದು 1980ರ ದಶಕದಲ್ಲಿ. ಎಲ್ ಸಾಲ್ವಡಾರಿನ ಅಂತರ್ಯುದ್ಧದಿಂದ ಓಡಿಬಂದ ಕುಟುಂಬಗಳ ಹುಡುಗರು ಮೊದಮೊದಲು ಹೆವಿ ಮೆಟಲ್ ಸಂಗೀತ ಕೇಳುತ್ತ, ಗಾಂಜಾ ಸೇದುತ್ತ ಮೂಲೆಯಲ್ಲಿ ಕೂರುತ್ತಿದ್ದ ಗೆಳೆಯರಷ್ಟೇ ಆಗಿದ್ದರು. ಅಲ್ಲಿ ಆಗಲೇ ಬೇರೂರಿದ್ದ ಗ್ಯಾಂಗುಗಳೊಂದಿಗೆ ಹೊಡೆದಾಟ ಬೆಳೆದಂತೆ ಆ ಗೆಳೆತನವೇ ಗ್ಯಾಂಗಾಯಿತು. ಸಮಾಜವಿಜ್ಞಾನಿ ಫ್ರೆಡೆರಿಕ್ ಥ್ರಾಷರ್ ಇದನ್ನು ಬಹಳ ಮುಂಚೆಯೇ ಗುರುತಿಸಿದ್ದರು. ಷಿಕಾಗೊದ 1,313 ಗ್ಯಾಂಗುಗಳ ಬಗ್ಗೆ 1927ರಲ್ಲಿ ಬರೆದ ಅವರು, ಇವು ಹುಡುಗರ ಆಟದ ಗುಂಪುಗಳಾಗಿ ತಾವಾಗಿಯೇ ಹುಟ್ಟುತ್ತವೆ, ಹೊರಗಿನವರೊಂದಿಗಿನ ಜಗಳದಿಂದ ಗಟ್ಟಿಯಾಗುತ್ತವೆ ಎಂದರು. ಊರು ಬದಲಾಗಿ, ಭಾಷೆ ಬದಲಾಗಿ, ಮನೆಯವರ ಮಾತು ಹೊರಗೆ ನಡೆಯದಂತಾದಾಗ ಹುಡುಗರು ತಮ್ಮದೇ ಬಳಗವನ್ನು ಕಟ್ಟಿಕೊಳ್ಳುತ್ತಾರೆ. ಮನೆ ಬಿಟ್ಟು ಬಂದ, ಹದಿನೆಂಟರ ವಯಸ್ಸಿನ, ಸಾವಿರಾರು ಅಪರಿಚಿತರ ನಡುವೆ ಊಟದ ತಟ್ಟೆ ಹಿಡಿದು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತ ವಿದ್ಯಾರ್ಥಿಯ ಸ್ಥಿತಿಯೂ ಇದರ ಸೌಮ್ಯ ರೂಪವೇ.

ಸರಿ, ಬಳಗ ಬೇಕು. ಆದರೆ ಅದಕ್ಕೆ ಏಟು ಏಕೆ ಬೇಕು? ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ನೇರವಾಗಿ ಕೈಹಾಕಿತು. ಲೈಂಗಿಕತೆಯ ಮನಶ್ಶಾಸ್ತ್ರವನ್ನು ಚರ್ಚಿಸುವ ಗುಂಪಿಗೆ ಸೇರಲು 63 ವಿದ್ಯಾರ್ಥಿನಿಯರು ಬಂದರು. ಸಂಕೋಚದವರನ್ನು ಸೋಸಲು ಒಂದು ಪರೀಕ್ಷೆಯಿದೆ ಎಂದು ಹೇಳಿ, ಕೆಲವರಿಂದ 12 ಅಶ್ಲೀಲ ಪದಗಳನ್ನೂ ಎರಡು ಪ್ರಚೋದಕ ವರ್ಣನೆಗಳನ್ನೂ ಪ್ರಯೋಗಕಾರನ ಎದುರಿಗೇ ಗಟ್ಟಿಯಾಗಿ ಓದಿಸಲಾಯಿತು. 1950ರ ದಶಕದ ಹುಡುಗಿಗೆ ಅದು ಎಂಥ ಮುಜುಗರವೆಂದು ಬಿಡಿಸಿ ಹೇಳಬೇಕಿಲ್ಲ. ಇನ್ನು ಕೆಲವರು ಸಾಧಾರಣವಾದ ಐದು ಪದಗಳನ್ನು ಓದಿದರು, ಉಳಿದವರಿಗೆ ಪರೀಕ್ಷೆಯೇ ಇರಲಿಲ್ಲ. ಆಮೇಲೆ ಎಲ್ಲರಿಗೂ ಹೆಡ್‌ಫೋನ್‌ನಲ್ಲಿ ಗುಂಪಿನ ‘ಚರ್ಚೆ’ಯನ್ನು ಕೇಳಿಸಲಾಯಿತು. ಅದು ಮೊದಲೇ ಮುದ್ರಿಸಿಟ್ಟ ಟೇಪು. ಕೆಳವರ್ಗದ ಪ್ರಾಣಿಗಳ ಲೈಂಗಿಕ ನಡವಳಿಕೆಯ ಬಗ್ಗೆ ತಡವರಿಸುತ್ತ, ವಾಕ್ಯಗಳನ್ನು ಅರ್ಧಕ್ಕೇ ಬಿಡುತ್ತ ಸಾಗುವ, ಬೇಕೆಂದೇ ನೀರಸಗೊಳಿಸಿದ ಮಾತುಕತೆ. ಕಠಿಣ ಪರೀಕ್ಷೆ ದಾಟಿ ಬಂದವರು ಉಳಿದವರಿಗಿಂತ ಹೆಚ್ಚಾಗಿ ಆ ಚರ್ಚೆಯನ್ನೂ ಅದರಲ್ಲಿ ಮಾತನಾಡಿದವರನ್ನೂ ಮೆಚ್ಚಿದರು. ಇಷ್ಟು ಕಷ್ಟಪಟ್ಟು ಪಡೆದದ್ದು ಸಪ್ಪೆಯೆಂದು ಒಪ್ಪಿದರೆ ತಾನೇ ಮೂರ್ಖಳಾಗುವುದರಿಂದ, ಮನಸ್ಸು ತನ್ನ ಮರ್ಯಾದೆ ಉಳಿಸಿಕೊಳ್ಳಲು ಗುಂಪಿನ ಬೆಲೆಯನ್ನೇ ಏರಿಸುತ್ತದೆ. 1966ರಲ್ಲಿ ಅಶ್ಲೀಲ ಪದಗಳ ಬದಲು ವಿದ್ಯುತ್ ಆಘಾತ ಕೊಟ್ಟು ನೋಡಿದಾಗಲೂ ಫಲಿತಾಂಶ ಅದೇ ದಿಕ್ಕಿನಲ್ಲಿತ್ತು.

ನಮ್ಮ ಹಾಸ್ಟೆಲುಗಳ ರ‍್ಯಾಗಿಂಗನ್ನು ಸಮರ್ಥಿಸುವವರೂ ‘ಆಮೇಲೆ ಎಲ್ಲರೂ ಫ್ರೆಂಡ್ಸ್ ಆಗ್ತಾರೆ’ ಎಂದು ಇದನ್ನೇ ಬೇರೆ ಮಾತಿನಲ್ಲಿ ಹೇಳುವುದುಂಟು. ಆದರೆ ಆರನ್ಸನ್ ಹೇಳಿದ ಲೆಕ್ಕ ನಡೆಯಬೇಕಾದರೆ ಕಷ್ಟವನ್ನು ತಾನೇ ಆರಿಸಿಕೊಂಡೆ ಎಂಬ ಭಾವ ಇರಬೇಕು. ಸೀಟು ಸಿಕ್ಕಿ ಬಂದ ಹುಡುಗ ಯಾವ ಸಂಘಕ್ಕೂ ಅರ್ಜಿ ಹಾಕಿರುವುದಿಲ್ಲ.

ಬಾಗಿಲಲ್ಲಿ ಬೆಲೆ ತೆತ್ತು ಬಂದವರ ನಿಷ್ಠೆ ಒಳಮುಖವಾಗಿರುತ್ತದೆ. 2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಫ್ರಟರ್ನಿಟಿಯೊಂದಕ್ಕೆ ಸೇರಲು ಹೋದ 19 ವರ್ಷದ ವಿದ್ಯಾರ್ಥಿಗೆ ಸ್ವಲ್ಪ ಹೊತ್ತಿನಲ್ಲೇ ವಿಪರೀತ ಕುಡಿಸಲಾಯಿತು. ಅವನು ನೆಲಮಾಳಿಗೆಯ ಮೆಟ್ಟಿಲುಗಳಿಂದ ಉರುಳಿಬಿದ್ದ. ಮನೆ ತುಂಬ ಜನರಿದ್ದರೂ ಆಂಬುಲೆನ್ಸಿಗೆ ಕರೆ ಹೋದದ್ದು ಮರುದಿನ ಬೆಳಿಗ್ಗೆ, ಸುಮಾರು 12 ಗಂಟೆಗಳ ಬಳಿಕ; ಹುಡುಗ ಉಳಿಯಲಿಲ್ಲ. ಪೊಲೀಸರಿಗೆ ಬಾಯಿಬಿಡಬಾರದೆಂಬ ಗ್ಯಾಂಗಿನ ಕಟ್ಟಳೆಗೂ ಆ ರಾತ್ರಿಯ ಮೌನಕ್ಕೂ ಇರುವ ಅಂತರ ನನಗೆ ಬಹಳ ಕಿರಿದಾಗಿ ಕಾಣುತ್ತದೆ. ಇಂಥ ಘಟನೆಗಳನ್ನು ಕಾಲೇಜುಗಳು ಬಹಿರಂಗಪಡಿಸಲೇಬೇಕೆಂಬ, ಅಮೆರಿಕದ ಒಕ್ಕೂಟ ಸರ್ಕಾರದ ಕಾನೂನು ಬಂದದ್ದು 2024ರ ಡಿಸೆಂಬರಿನಲ್ಲಿ.

ಆದರೂ ಒಂದನ್ನು ಗ್ಯಾಂಗೆಂದು, ಇನ್ನೊಂದನ್ನು ಸಂಘವೆಂದು ಕರೆಯುತ್ತೇವೆ. ಕೊಲೆ, ಸುಲಿಗೆ, ಬಂದೂಕುಗಳ ಲೆಕ್ಕದಲ್ಲಿ ಈ ವ್ಯತ್ಯಾಸ ನಿಜವಾದದ್ದು, ಅದನ್ನು ತೇಲಿಸಿಬಿಡುವಂತಿಲ್ಲ. ಆದರೆ ಹೆಸರಿಡುವ ಕಣ್ಣಿನ ಪಾತ್ರವೂ ಸಣ್ಣದಲ್ಲ. ಸಮಾಜವಿಜ್ಞಾನಿ ವಿಲಿಯಂ ಚಾಂಬ್ಲಿಸ್ 1973ರಲ್ಲಿ ಒಂದೇ ಹೈಸ್ಕೂಲಿನ ಎರಡು ಗುಂಪುಗಳ ಬಗ್ಗೆ ಬರೆದರು: ಅನುಕೂಲಸ್ಥ ಮನೆಗಳ ಎಂಟು ಹುಡುಗರನ್ನು ‘ಸಂತರು’ ಎಂದೂ, ಬಡ ಮನೆಗಳ ಆರು ಹುಡುಗರನ್ನು ‘ಒರಟರು’ ಎಂದೂ ಕರೆದರು. ಸಂತರು ಕುಡಿದು ಕಾರೋಡಿಸುತ್ತಿದ್ದರು, ದುರಸ್ತಿಗೆ ಅಗೆದ ರಸ್ತೆಯ ತಡೆಗಳನ್ನು ಎತ್ತಿಟ್ಟು ಯಾರ ಕಾರು ಗುಂಡಿಗೆ ಬೀಳುತ್ತದೆಂದು ಮರೆಯಲ್ಲಿ ನಿಂತು ನೋಡುತ್ತಿದ್ದರು. ಎರಡು ವರ್ಷಗಳಲ್ಲಿ ಅವರಲ್ಲಿ ಒಬ್ಬನೂ ಬಂಧನಕ್ಕೊಳಗಾಗಲಿಲ್ಲ. ಒರಟರಿಗೆ ಹೆಚ್ಚಾಗಿ ಕಾರು ಸಿಗುತ್ತಿರಲಿಲ್ಲ. ಅವರ ಪುಂಡಾಟವೆಲ್ಲ ಊರ ನಡುವೆ, ಎಲ್ಲರ ಕಣ್ಣೆದುರಿಗೇ ನಡೆಯುತ್ತಿತ್ತು, ಪೊಲೀಸರು ಅವರ ಬೆನ್ನು ಬಿಡುತ್ತಿರಲಿಲ್ಲ. ಮುಂದೆ ಸಂತರಲ್ಲಿ ಹೆಚ್ಚಿನವರು ಕಾಲೇಜು ಮುಗಿಸಿದರು. ಒರಟರಲ್ಲಿ ಇಬ್ಬರು ಕ್ರೀಡಾ ವಿದ್ಯಾರ್ಥಿವೇತನ ಹಿಡಿದು ಮೇಲೆ ಬಂದರು, ಇಬ್ಬರು ಕೊಲೆ ಪ್ರಕರಣಗಳಲ್ಲಿ ಜೈಲು ಸೇರಿದರು.

ಗ್ಯಾಂಗಿಗೆ ಸೇರಿದವನಿಗೆ ಸಾವೇ ಬಿಡುಗಡೆ ಎಂಬ ಮಾತೂ ಪೂರ್ತಿ ನಿಜವಲ್ಲ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ 1988ರಿಂದ ಹದಿಹರೆಯದವರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಗ್ಯಾಂಗಿಗೆ ಸೇರಿದ ಹುಡುಗರಲ್ಲಿ ಅನೇಕರು ಒಂದು ವರ್ಷದೊಳಗೇ ಹೊರಬಂದಿದ್ದರು. ಅವರ ಅಪರಾಧಗಳು ಸೇರಿದಾಗ ಏರಿ, ಬಿಟ್ಟಾಗ ಇಳಿದವು. ಹಾಗಾದರೆ ಕೆಟ್ಟ ಹುಡುಗರೇ ಆರಿಸಿಕೊಂಡು ಗ್ಯಾಂಗಿಗೆ ಹೋಗುತ್ತಾರೆ ಎಂಬ ವಿವರಣೆಯೊಂದೇ ಸಾಲದು. ಗುಂಪು ಮನುಷ್ಯನ ಮೇಲೆ ತನ್ನ ಕೆಲಸ ಮಾಡುತ್ತದೆ.

ಹೊರಬಂದವನಿಗೆ ಎದುರಾಗುವುದೇನು ಎಂಬಲ್ಲಿ ಮಾತ್ರ ಎರಡು ದಾರಿಗಳು ಪೂರ್ತಿ ಬೇರೆಯಾಗುತ್ತವೆ. ಫ್ರಟರ್ನಿಟಿಯ ಹುಡುಗ ನಾಲ್ಕು ವರ್ಷ ಮುಗಿಸಿ, ಅದೇ ಸಂಘದ ಹಿರಿಯನೊಬ್ಬ ಕುಳಿತಿರುವ ಕಚೇರಿಯಲ್ಲಿ ಸಂದರ್ಶನಕ್ಕೆ ಹೋಗಬಲ್ಲ. ಅಲ್ಲಿ ಆ ಗ್ರೀಕ್ ಅಕ್ಷರಗಳೇ ಪರಿಚಯಪತ್ರ. ಗ್ಯಾಂಗಿನ ಗುರುತಾದರೋ ಕತ್ತಿನ ಮೇಲೆ, ಕೆಲವೊಮ್ಮೆ ಹಣೆಯ ಮೇಲೆ, ಹಚ್ಚೆಯಾಗಿ ಕೂತಿರುತ್ತದೆ. ಜೆಸ್ಯೂಟ್ ಪಾದ್ರಿ ಗ್ರೆಗರಿ ಬಾಯ್ಲ್ 1988ರಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭಿಸಿದ ಕೆಲಸ ಇಂದು ಹೋಂಬಾಯ್ ಇಂಡಸ್ಟ್ರೀಸ್ ಎಂಬ ಸಂಸ್ಥೆಯಾಗಿ ಬೆಳೆದಿದೆ. ಅದು ಗ್ಯಾಂಗು ಬಿಟ್ಟವರಿಗೆ ಬೇಕರಿಯಲ್ಲಿ ಕೆಲಸ ಕೊಡುತ್ತದೆ. ಹಿಂದೆ ಒಬ್ಬರನ್ನೊಬ್ಬರು ಕೊಲ್ಲಲು ಹೊರಟಿದ್ದ ಗ್ಯಾಂಗುಗಳವರು ಅಲ್ಲಿ ಜೊತೆಯಾಗಿ ಹಿಟ್ಟು ನಾದುತ್ತಾರೆ. ಅದೇ ಸಂಸ್ಥೆ ಲೇಸರಿನಿಂದ ಹಚ್ಚೆಗಳನ್ನು ಉಚಿತವಾಗಿ ಅಳಿಸಿಕೊಡುತ್ತದೆ. ಒಂದೇ ಸಲಕ್ಕೆ ಅದು ಹೋಗುವುದಿಲ್ಲ. ವಾರಗಟ್ಟಲೆ ಬಿಡುವು ಕೊಟ್ಟು ಮತ್ತೆ ಮತ್ತೆ ಹೋಗಬೇಕು, ಪ್ರತಿ ಸಲವೂ ಚರ್ಮ ಸುಟ್ಟಂತೆ ಉರಿಯುತ್ತದೆ.